ಮನೆಗೆ ಹಕ್ಕುಪತ್ರ ಬಂತು, ಸೂಜಿಗೆ ಯಾವಾಗ?

2023ರ ಜನವರಿ 19 ನಮ್ಮ ಭಾಗದವರಿಗೆ ನೆನಪಿರಬೇಕು. ಅಂದು ಪ್ರಧಾನಿ ಕೊಡೇಕಲ್‌ಗೆ ಬಂದು ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ ಉದ್ಘಾಟಿಸಿದರು. ಅದೇ ದಿನ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಹೆಚ್ಚಿನವು ತಾಂಡಾದ ಕುಟುಂಬಗಳು, ಯಾದಗಿರಿ ಜಿಲ್ಲೆಯವರೂ ಇದ್ದರು. ಮನೆಗೆ ಕಾಗದ ಬಂತು, ಒಳ್ಳೆಯದಾಯಿತು. ಆದರೆ ಆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಇನ್ನೊಂದು ಆಸ್ತಿ ಇದೆ: ಲಂಬಾಣಿ ಕಸೂತಿ. ಅದಕ್ಕೆ ಕಾಗದ ಎಲ್ಲಿದೆ?

ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ನಾಣ್ಯ ಕೂರಿಸಿ ಹಾಕುವ ಈ ಹೊಲಿಗೆಗೆ ಕಿಲಣ್, ವೇಲೆ, ಮಾಕಿ, ನಾಕ್ರಾ ಎಂದು ಬೇರೆ ಬೇರೆ ಹೆಸರುಗಳಿವೆ. ಇದನ್ನು ಶಾಲೆಯಲ್ಲಿ ಕಲಿಸಿದ್ದಲ್ಲ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದದ್ದು. ಒಂದು ಪೂರ್ತಿ ಉಡುಪು ಮುಗಿಯಲು ತಿಂಗಳುಗಳೇ ಬೇಕು.

ಈಗ ಅದೇ ಚಿತ್ತಾರ ಬ್ಯಾಗ್, ದಿಂಬಿನ ಕವರ್, ಮೊಬೈಲ್ ಪೌಚ್‌ಗಳ ಮೇಲೆ ಮಷಿನ್ನಿನಲ್ಲಿ ಅಚ್ಚಾಗಿ ಬರುತ್ತಿದೆ. ಕನ್ನಡಿಯ ಜಾಗದಲ್ಲಿ ಹೊಳೆಯುವ ಪ್ಲಾಸ್ಟಿಕ್. ಕಡಿಮೆ ದುಡ್ಡಿನ ಬ್ಯಾಗನ್ನು ಯಾರಾದರೂ ಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ‘ಲಂಬಾಣಿ ಕೈಕಸೂತಿ’ ಎಂದು ಚೀಟಿ ಅಂಟಿಸಿ ಮಾರುವುದು ಮೋಸ. ಕೊಂಡವರಿಗೂ ಮೋಸ, ಹೊಲಿಯುವವರಿಗೂ ಮೋಸ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಅಲ್ಲಿ ಕುಶಲ ಕಲಾ ಕೇಂದ್ರವಿದೆ, ಒಗ್ಗಟ್ಟಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆದರೆ ಜಿಐ ಕಾಯುವುದು ಹೆಸರನ್ನು, ಚಿತ್ತಾರವನ್ನಲ್ಲ. ‘ಸಂಡೂರು’ ಎಂಬ ಪದ ಬಿಟ್ಟು ನಕಲು ಮಾಡಿದವನನ್ನು ಅದು ಹಿಡಿಯಲಾರದು. ನಮ್ಮ ತಾಂಡಾದ ಅವ್ವಂದಿರು ಅದೇ ಹೊಲಿಗೆ ಹಾಕಿದರೂ ಆ ಹೆಸರು ಅವರಿಗೆ ದಕ್ಕದು.

ಬೇರೆ ದೇಶದಲ್ಲಿ ಇದಕ್ಕೆ ದಂಡ ಬಿದ್ದಿದೆ. ಆಸ್ಟ್ರೇಲಿಯಾದಲ್ಲಿ ಬಿರುಬಿ ಆರ್ಟ್ ಎಂಬ ಕಂಪನಿ ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್ ಮುಂತಾದವನ್ನು ಅಲ್ಲಿನ ಮೂಲನಿವಾಸಿಗಳ ಕೈಕೆಲಸ ಎಂಬಂತೆ ಮಾರಿತ್ತು. 2019ರಲ್ಲಿ ಅಲ್ಲಿನ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು. ಗ್ರಾಹಕರಿಗೆ ಸುಳ್ಳು ಹೇಳಿದ್ದೇ ಅಪರಾಧವಾಯಿತು.

ನಮ್ಮಲ್ಲೂ ಗ್ರಾಹಕ ಕಾನೂನಿದೆ, ತಾಂಡಾ ಅಭಿವೃದ್ಧಿ ನಿಗಮವಿದೆ, ಸಂಜೀವಿನಿ ಸಂಘಗಳಿವೆ. ಮೊದಲು ಯಾದಗಿರಿ ಜಿಲ್ಲೆಯ ತಾಂಡಾಗಳಲ್ಲಿ ಕಸೂತಿ ಬಲ್ಲವರ ಪಟ್ಟಿ ಆಗಲಿ. ಅವರಿಗೆ ಕೇಂದ್ರ ಸರ್ಕಾರದ ಕುಶಲಕರ್ಮಿ ಗುರುತಿನ ಚೀಟಿ ‘ಪೆಹಚಾನ್’ ಕೊಡಿಸಲಿ. ದುಡಿಯಲು ಪುಣೆ, ಮುಂಬೈಗೆ ಗುಳೆ ಹೋದ ಕೈಗಳಿಗೆ ಊರಲ್ಲೇ ಕೆಲಸ ಸಿಗುವಂತೆ ಸಂಘದ ಹೆಸರಿನಲ್ಲಿ ಮಾರಾಟಕ್ಕೆ ಜಾಗ ಕೊಡಲಿ.

ಕೊಳ್ಳುವ ನಾವೂ ಒಂದು ಕೆಲಸ ಮಾಡಬಹುದು. ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ. ಕೈಹೊಲಿಗೆಯಾದರೆ ಗಂಟು, ಏರುಪೇರಾದ ಎಳೆ ಕಾಣುತ್ತವೆ. ಅಚ್ಚಾದರೆ ಹಿಂದೆ ದಾರವೇ ಇರುವುದಿಲ್ಲ. ಮಷಿನ್ನಿನದಾದರೆ ಎಲ್ಲ ಎಳೆಯೂ ಒಂದೇ ಅಳತೆ. ಅಸಲಿ ಸಿಕ್ಕರೆ ಚೌಕಾಸಿ ಮಾಡಬೇಡಿ. ಅದು ಒಬ್ಬಳ ಎಷ್ಟೋ ದಿನದ ಕೂಲಿ.