ಔಷಧಿ ನಾಟಲಿಲ್ಲ ಅಂದ್ರೆ ಯಾರ ತಪ್ಪು?

ಮೊನ್ನೆ ಚನ್ನಗಿರಿ ಕಡೆಯ ನಮ್ಮೂರಿಗೆ ಹೋಗಿದ್ದೆ. ದೊಡ್ಡಪ್ಪನ ವರ್ಷದ ತಿಥಿ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಹೋದವರು. ಊಟಕ್ಕೆ ಕೂತಾಗ ಹೊನ್ನಾಳಿ, ನ್ಯಾಮತಿ, ಜಗಳೂರಿಂದ ಬಂದ ನೆಂಟರದ್ದೆಲ್ಲ ಒಂದೇ ಮಾತು: "ಅಷ್ಟು ಕೀಮೋ ಕೊಡಿಸಿದ್ರೂ ನಾಟ್ಲಿಲ್ಲ ನೋಡು". ಒಬ್ಬರು ಡಾಕ್ಟರನ್ನ ಬೈದರು. ಇನ್ನೊಬ್ಬರು ಪಥ್ಯ ಸರಿಯಾಗಿ ಮಾಡ್ಲಿಲ್ಲ ಅಂದರು. ಮತ್ತೊಬ್ಬರು ಕರ್ಮ ಅಂತ ಮಾತು ಮುಗಿಸಿದರು. ದೊಡ್ಡಮ್ಮ ತಲೆ ತಗ್ಗಿಸಿ ಬಡಿಸ್ತಾ ಇದ್ದರು. ಅಷ್ಟು ದಿನ ಅಡುಗೆ ಮಾಡಿ ಹಾಕಿದವರು ಅವರೇ ತಾನೆ... ಪಥ್ಯದ ಮಾತು ಹೋಗಿ ತಾಗಿದ್ದು ಅವರಿಗೆ.

ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದ್ದೀನಿ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸೋ ಸೂಚನೆ ಇರೋದು ನೂರಕ್ಕೆ ಹೆಚ್ಚೆಂದರೆ ಎರಡು ಪಾಲು. ಉಳಿದದ್ದನ್ನ ಬಹಳ ಕಾಲ ಕಸ ಅಂತಲೇ ಕರೆದರು. ಆದರೆ ಅಲ್ಲಿಂದಲೂ ಆರ್‌ಎನ್‌ಎ ಹುಟ್ಟುತ್ತೆ. ಅದು ಪ್ರೋಟೀನ್ ಆಗಲ್ಲ. ಬೇರೆ ಜೀನ್‌ಗಳ ಕಿವಿ ಹಿಂಡೋದೇ ಅದರಲ್ಲಿ ಕೆಲವಕ್ಕೆ ಕೆಲಸ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇಂಥ ಮೈಕ್ರೋ ಆರ್‌ಎನ್‌ಎ ಮೊದಲು ಸಿಕ್ಕಿತು. ಅದಕ್ಕೇ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕುನ್ ಇಬ್ಬರಿಗೆ 2024ರ ನೊಬೆಲ್ ಬಂತು.

ಕರುಳಿನ ಕ್ಯಾನ್ಸರ್‌ಗೆ ಈಗಲೂ ಕೊಡೋ 5-ಫ್ಲೋರೋಯುರಾಸಿಲ್ 1957ರಲ್ಲಿ ಬಂದ ಔಷಧಿ. ಅದು ಜೀವಕೋಶ ಡಿಎನ್‌ಎ ನಕಲು ಮಾಡೋದನ್ನ ಕೆಡಿಸುತ್ತೆ. ಕೆಟ್ಟಿದ್ದನ್ನ ಎಂಎಸ್‌ಎಚ್2 ಅನ್ನೋ ಕಾವಲುಗಾರ ಪ್ರೋಟೀನ್ ಕಂಡು ಕೂಗು ಹಾಕಿದರೆ ಕೋಶ ಸಾಯುತ್ತೆ. ಮಿರ್-21 ಅನ್ನೋ ಮೈಕ್ರೋ ಆರ್‌ಎನ್‌ಎ ಜಾಸ್ತಿಯಾದರೆ ಆ ಕಾವಲುಗಾರ ಕಮ್ಮಿಯಾಗ್ತಾನೆ, ಔಷಧಿ ನಾಟಲ್ಲ ಅಂತ 2010ರಲ್ಲಿ ಪ್ರಯೋಗಾಲಯದ ಕೋಶಗಳಲ್ಲೂ ಇಲಿಗಳಲ್ಲೂ ತೋರಿಸಿದರು. ಇದು ಒಂದು ದಾರಿ ಅಷ್ಟೇ, ಕ್ಯಾನ್ಸರ್‌ಗೆ ಇಂಥವು ಹಲವಾರಿವೆ. ದೊಡ್ಡಪ್ಪನ ಗೆಡ್ಡೆಯಲ್ಲಿ ಯಾವುದಿತ್ತೋ ಯಾರೂ ನೋಡಿಲ್ಲ. ಆದರೆ ದೊಡ್ಡಮ್ಮನ ಸಾರಿಂದ ಅದು ಹುಟ್ಟಿದ್ದಂತೂ ಅಲ್ಲ.

2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲ ಬಾರಿಗೆ ಸೈನಿಕ ಹುಳು ಕಾಣಿಸಿಕೊಂಡು ಮೆಕ್ಕೆಜೋಳ ತಿಂತಲ್ಲ... ಹೊಡೆದ ಔಷಧಿಗೆ ಹುಳು ಬಗ್ಗದಿದ್ದರೆ ಜಗಳೂರಿನ ರೈತ ಹುಳು ಗಟ್ಟಿ ಅಂತಾನೆ, ಹೊಲದ ಕರ್ಮ ಅನ್ನಲ್ಲ. ಮನುಷ್ಯನ ವಿಷಯಕ್ಕೆ ಯಾಕೆ ಬೇರೆ ನ್ಯಾಯ?

ಹಾಗಂತ ಯಾರಾದರೂ "ಆರ್‌ಎನ್‌ಎ ಟೆಸ್ಟ್ ಮಾಡಿಸಿ, ಕೀಮೋ ನಾಟುತ್ತೋ ಇಲ್ವೋ ಹೇಳ್ತೀವಿ" ಅಂದರೆ ದುಡ್ಡು ಬಿಚ್ಚಬೇಡಿ. ಆ ವಿದ್ಯೆ ಇನ್ನೂ ಲ್ಯಾಬ್‌ನಿಂದ ವಾರ್ಡ್‌ಗೆ ಬರುವಷ್ಟು ಪಕ್ವವಾಗಿಲ್ಲ. ಸದ್ಯಕ್ಕೆ ನಮ್ಮ ಕೈಲಿರೋದು ಟೈಮ್ ಒಂದೇ. ದೊಡ್ಡಪ್ಪನಿಗೆ ರಕ್ತ ಬೀಳ್ತಿದ್ದಾಗ ಮೂಲವ್ಯಾಧಿ ಅಂತ ಎಂಟು ತಿಂಗಳು ನಾಟಿ ಔಷಧಿ ಮಾಡಿದ್ವಿ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಗಡ್ಡೆ ಕರುಳು ಬಿಟ್ಟು ಹರಡೋ ಮೊದಲು ಸಿಕ್ಕಿದ್ದರೆ ಎಷ್ಟೋ ಜನಕ್ಕೆ ಆಪರೇಶನ್ನಲ್ಲೇ ವಾಸಿಯಾಗುತ್ತೆ, ಕೀಮೋ ನಾಟುತ್ತೋ ಇಲ್ವೋ ಅನ್ನೋ ಪ್ರಶ್ನೆಯೇ ಏಳಲ್ಲ.

ತಪ್ಪು ಅಂತ ಇದ್ದರೆ ಆ ಎಂಟು ತಿಂಗಳದ್ದು, ಅದರಲ್ಲಿ ನನ್ನದೂ ಪಾಲಿದೆ. ನಿಮ್ಮ ಮನೇಲಿ ಯಾರಾದರೂ ಹೀಗೆ ಮುಚ್ಚಿಟ್ಟುಕೊಂಡಿದ್ದಾರಾ? ಇವತ್ತೇ ಒಂದು ಮಾತು ಕೇಳಿ ನೋಡಿ.