ಹೆಡ್ ಸ್ಟಾರ್ಟ್: ಮುನ್ನಡೆ ಯಾರದು?

ಇತರರಿಗಿಂತ ಮೊದಲೇ ದೊರೆತ ಅನುಕೂಲವನ್ನು ಇಂಗ್ಲಿಷಿನಲ್ಲಿ ‘ಹೆಡ್ ಸ್ಟಾರ್ಟ್’ ಎನ್ನುತ್ತಾರೆ. 19ನೆಯ ಶತಮಾನದ ಕುದುರೆ ಪಂದ್ಯದ ಮಾತು ಅದು. ಪಂದ್ಯದ ಪರಿಭಾಷೆಯಲ್ಲಿ ‘ಸ್ಟಾರ್ಟ್ ಕೊಡುವುದು’ ಎಂದರೆ ಬಲ್ಲಿದನು ಬಲಹೀನನನ್ನು ತನಗಿಂತ ಮುಂದಿನಿಂದ ಹೊರಡಗೊಡುವುದು. ಈ ಕೊಡುಗೆಯ ಅರ್ಥ ಇಂದು ಬಹುಮಟ್ಟಿಗೆ ಅಳಿಸಿದೆ. ಸಿರಿವಂತರ ಮನೆಯಲ್ಲಿ ಹುಟ್ಟಿದ ಮಗುವಿನ ಅನುಕೂಲಕ್ಕೂ ಅದೇ ಹೆಸರು.

ಇದರ ನೆರೆಯ ಪದವಾದ ‘ಹ್ಯಾಂಡಿಕ್ಯಾಪ್’ನ ಚರಿತ್ರೆ ಇನ್ನೂ ವಿಚಿತ್ರವಾದುದು. ಭಿಕ್ಷುಕನ ಕೈಯ ಟೋಪಿಯಿಂದ ಅದು ಹುಟ್ಟಿತೆಂಬ ಜನಪ್ರಿಯ ವಿವರಣೆಗೆ ಆಧಾರವಿಲ್ಲ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಸ್ತುವಿನಿಮಯದ ಒಂದು ಆಟವಿತ್ತು. ಎರಡು ವಸ್ತುಗಳ ಬೆಲೆಯ ಅಂತರವನ್ನು ಮಧ್ಯಸ್ಥನೊಬ್ಬನು ನಿರ್ಣಯಿಸುತ್ತಿದ್ದನು. ಪಣದ ಹಣವಿದ್ದ ಟೋಪಿಯೊಳಗೆ ಕೈಯಿಟ್ಟು ಆಡುವವರು ತಮ್ಮ ಸಮ್ಮತಿಯನ್ನೋ ಅಸಮ್ಮತಿಯನ್ನೋ ಸೂಚಿಸುತ್ತಿದ್ದರು. ಸ್ಯಾಮ್ಯುಯೆಲ್ ಪೀಪ್ಸ್ ತನ್ನ 1660ರ ದಿನಚರಿಯಲ್ಲಿ ಈ ಆಟವನ್ನು ಹೆಸರಿಸಿದ್ದಾನೆ. ಮುಂದಿನ ಶತಮಾನದಲ್ಲಿ ಕುದುರೆ ಪಂದ್ಯವನ್ನು ಸೇರಿದ ಈ ಪದ, ಮೇಲ್ತರದ ಕುದುರೆಯ ಮೇಲೆ ಹೇರುವ ಹೆಚ್ಚುವರಿ ಭಾರಕ್ಕೆ ಸಂದಿತು. ಕೊನೆಗೆ ಅಂಗವೈಕಲ್ಯಕ್ಕೇ ಅದು ಹೆಸರಾಯಿತು. ಬಲಿಷ್ಠನ ಹೊರೆಯ ಹೆಸರು ದುರ್ಬಲನ ಹೆಗಲೇರಿದ ಈ ಪಲ್ಲಟವನ್ನು ಕೇವಲ ಭಾಷೆಯ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ.

1965ರ ಜೂನ್ 4ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಕರಿಯರ ಶಿಕ್ಷಣಕ್ಕೆ ಹೆಸರಾದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ ಇದೇ ಓಟದ ರೂಪಕವನ್ನು ಬಳಸಿದರು. ವರ್ಷಗಟ್ಟಲೆ ಸಂಕೋಲೆಯಲ್ಲಿದ್ದವನನ್ನು ಬಿಡಿಸಿ, ಓಟದ ಗೆರೆಗೆ ತಂದು ನಿಲ್ಲಿಸಿದ ಮಾತ್ರಕ್ಕೆ ನ್ಯಾಯ ಸಲ್ಲಿಸಿದಂತಾಗದೆಂಬುದು ಅವರ ವಾದ. ಅದೇ ಬೇಸಗೆಯಲ್ಲಿ ಬಡ ಕುಟುಂಬಗಳ ಎಳೆಯ ಮಕ್ಕಳಿಗೆ ಶಾಲೆ ಸೇರುವ ಮುನ್ನವೇ ಪಾಠ, ಊಟ, ವೈದ್ಯಕೀಯ ತಪಾಸಣೆ ಒದಗಿಸುವ 8 ವಾರಗಳ ಯೋಜನೆ ಆರಂಭವಾಯಿತು. ಅದರ ಹೆಸರೂ ‘ಹೆಡ್ ಸ್ಟಾರ್ಟ್’. ಆಶಯ ಉದಾತ್ತವಾದುದು, ಹೆಸರು ಮಾತ್ರ ಅಪಾಯಕರ. ಆ ಮಕ್ಕಳು ಯಾರನ್ನೂ ಹಿಂದಿಕ್ಕಿ ನಿಲ್ಲಲಿಲ್ಲ. ಬಹು ಹಿಂದಿದ್ದವರು ಗೆರೆಯ ಸಮೀಪಕ್ಕೆ ಬಂದರು, ಅಷ್ಟೆ. ಕೊರತೆಯನ್ನು ತುಂಬುವ ಕಾರ್ಯವನ್ನು ಮುನ್ನಡೆಯೆಂದು ಕರೆದರೆ ಕೇಳಿದವರಿಗೆ ಅದು ಪಕ್ಷಪಾತವಾಗಿ ತೋರುತ್ತದೆ. ಓದಿದ ತಾಯ್ತಂದೆಯರು, ಮನೆತುಂಬ ಪುಸ್ತಕಗಳು, ಹೊಟ್ಟೆತುಂಬ ಊಟ ಇವುಗಳ ನಡುವೆ ಬೆಳೆದ ಮಗುವಿನ ನಿಜವಾದ ಮುನ್ನಡೆಯಾದರೋ ಪ್ರತಿಭೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ಕನ್ನಡದ ಪತ್ರಿಕೆಗಳು ಮತ ಎಣಿಕೆಯಿಂದ ಹಿಡಿದು ಕ್ರೀಡಾಂಗಣದವರೆಗೆ ‘ಮುನ್ನಡೆ’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುತ್ತವೆ. ಸ್ಪರ್ಧೆಯ ವರದಿಗೆ ಅಷ್ಟು ಸಾಕು. ಶಿಕ್ಷಣದ ಚರ್ಚೆಯಲ್ಲಾದರೂ ಓಡಿ ಗಳಿಸಿದ ಮುನ್ನಡೆ, ಹುಟ್ಟಿನಿಂದ ಬಂದ ಮುನ್ನಡೆ ಎಂದು ಬಿಡಿಸಿ ಬರೆಯಬೇಕು; ಅದಕ್ಕೆ ಹೊಸ ಪದವೇನೂ ಬೇಕಿಲ್ಲ.