ಓದಿ ಸುಮ್ಮನಾದರೆ ಸಾಲದು

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ರಡಾರ್‌ಗಳನ್ನು ರೂಪಿಸುವ ಎಲ್‌ಆರ್‌ಡಿಇ ಇದೆ, ಕಾವೇರಿ ಜೆಟ್ ಎಂಜಿನ್‌ಗಾಗಿ ದಶಕಗಳಿಂದ ದುಡಿದ ಜಿಟಿಆರ್‌ಇ ಇದೆ, ಬಾಗ್ಮನೆ ಟೆಕ್ ಪಾರ್ಕ್ ಇದೆ. ಇಂಥ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದವರು ಹಿರಿಯರ ಲೇಖನ, ಪ್ರಬಂಧ, ಕೈಪಿಡಿ ಎಂದು ತುಂಬ ಓದುತ್ತಾರೆ. ಆದರೆ ಓದಿದ ಮೇಲೆ ಬರೆದವರಿಗೆ ಎರಡು ಸಾಲು ಬರೆದು ಕಳಿಸುವವರು ವಿರಳ. ‘ಅಷ್ಟು ತಿಳಿದವರು ಬರೆದಿದ್ದಾರೆ, ಅದಕ್ಕೆ ನಾನೇನು ಹೇಳಲಿ’ ಎಂಬ ಸಂಕೋಚ ಅಡ್ಡ ಬರುತ್ತದೆ. ಈ ಸಂಕೋಚದಿಂದ ಆಗುವ ನಷ್ಟ ಹೆಚ್ಚಾಗಿ ಓದುಗರದ್ದೇ. ಓದಿದ್ದಕ್ಕೆ ಮರುಮಾತು ಬರೆಯುವ ಅಭ್ಯಾಸವಿದ್ದಾಗಲೇ ವೃತ್ತಿಯ ಓದು ಕೈಗೆ ಹತ್ತುತ್ತದೆ.

ಬಡಾವಣೆಗೆ ಹೆಸರು ಕೊಟ್ಟ ವಿಜ್ಞಾನಿಯೇ ಇದಕ್ಕೆ ಒಳ್ಳೆಯ ನಿದರ್ಶನ. ರಾಮನ್ 1907ರಲ್ಲಿ ಕಲ್ಕತ್ತದಲ್ಲಿ ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಗೆ. ಹಗಲು ಕಚೇರಿಯ ಲೆಕ್ಕಪತ್ರ. ಉಳಿದ ವೇಳೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್‌ನ ಪ್ರಯೋಗಾಲಯ. ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು ಹತ್ತು ವರ್ಷಗಳ ನಂತರ, 1917ರಲ್ಲಿ. ಅಲ್ಲಿಯವರೆಗೆ ಅವರನ್ನು ಜಗತ್ತಿನ ಭೌತವಿಜ್ಞಾನಿಗಳ ಜೊತೆ ಬೆಸೆದಿದ್ದು ಓದು, ಪ್ರಯೋಗ ಮತ್ತು ವಿದೇಶಿ ಪತ್ರಿಕೆಗಳಿಗೆ ಅವರು ಬರೆದು ಕಳಿಸುತ್ತಿದ್ದ ಪ್ರಬಂಧಗಳು, ಪತ್ರಗಳು.

ಪ್ರಾಧ್ಯಾಪಕರಾದ ಮೇಲೂ ಅವರು ಬರೆದ ಅಂಥ ಒಂದು ಪತ್ರವನ್ನು ಹತ್ತಿರದಿಂದ ನೋಡೋಣ. ಆಳ ಕಡಲಿನ ನೀಲಿ ಬೇರೇನಲ್ಲ, ಆಕಾಶದ ನೀಲಿಯ ಪ್ರತಿಫಲನ ಎಂದು ಲಾರ್ಡ್ ರೇಲೀ ಹೇಳಿದ್ದರು. ರೇಲೀ 1904ರಲ್ಲೇ ನೊಬೆಲ್ ಪಡೆದವರು. ರಾಮನ್ ಅವರಿಗೆ ಗುರುಸಮಾನರು. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುವಾಗ ರಾಮನ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದರು. ಅವರ ಬಳಿ ಇದ್ದದ್ದು ನಿಕೋಲ್ ಪಟ್ಟಕ ಎಂಬ ಪುಟ್ಟ ಉಪಕರಣ. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪಟ್ಟಕವನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಆ ಬೆಳಕನ್ನು ತಡೆಯಬಹುದು. ಕಡಲಿನ ಬಣ್ಣ ಬರೀ ಆಕಾಶದ ಬಿಂಬವಾಗಿದ್ದರೆ ಆಗ ನೀಲಿ ಮಾಯವಾಗಬೇಕಿತ್ತು. ಆದರೆ ಅದು ಇನ್ನಷ್ಟು ಗಾಢವಾಗಿ ಕಂಡಿತು. ಹಾಗಾದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದಾಯಿತು. ಹಡಗು ಮುಂಬೈ ಬಂದರು ಮುಟ್ಟುವ ಹೊತ್ತಿಗೆ ‘ನೇಚರ್’ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು. ಅದು ಆ ನವೆಂಬರ್‌ನಲ್ಲಿ ಅಚ್ಚಾಯಿತು.

ಈ ಒಂದು ಪತ್ರದಿಂದಲೇ ರಾಮನ್ ಅವರಿಗೆ ನೊಬೆಲ್ ಬಂತು ಎಂದರೆ ಅತಿಶಯವಾದೀತು. ಆದರೆ ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ರಾಮನ್ ಮತ್ತು ಅವರ ಶಿಷ್ಯರು ಬಿಡದೆ ಹಿಂಬಾಲಿಸಿದ್ದು ಅಲ್ಲಿಂದ ಮುಂದೆ. 1928ರ ಫೆಬ್ರುವರಿ 28ರಂದು ಕಂಡುಕೊಂಡ, ಆ ನೊಬೆಲ್ ತಂದ ರಾಮನ್ ಪರಿಣಾಮಕ್ಕೆ ಹೋದ ದಾರಿ ಅದೇ.

ಪತ್ರದ ಕಟ್ಟು ಗಮನಿಸಬೇಕಾದದ್ದು. ಹಿಂದಿನವರು ಏನು ಹೇಳಿದ್ದಾರೆ, ತನಗೆ ಎಲ್ಲಿ ಅನುಮಾನ, ಅದಕ್ಕಾಗಿ ಏನು ಮಾಡಿದೆ, ಏನು ಕಂಡಿತು. ಅದರಲ್ಲಿ ಹೊಗಳಿಕೆಯೂ ಇಲ್ಲ, ಹೀಗಳಿಕೆಯೂ ಇಲ್ಲ. ಬೇರೊಬ್ಬರು ಬೇರೊಂದು ಹಡಗಿನಲ್ಲಿ ಅದನ್ನೇ ಮಾಡಿ ನೋಡಬಹುದು.

ಹೀಗೆ ಬರೆದರೆ ಕಲಿಕೆ ಗಟ್ಟಿಯಾಗುವುದೇಕೆ? ಓದುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಅದನ್ನೇ ನಮ್ಮ ಮಾತಿನಲ್ಲಿ ಹೇಳಹೊರಟಾಗ ಎಲ್ಲಿ ತಡವರಿಸುತ್ತೇವೋ ಅಲ್ಲಿ ನಮಗೆ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಮುಂದಿದ್ದರು. ವಾರ ಕಳೆದಾಗ ಹೆಚ್ಚು ನೆನಪಿಟ್ಟುಕೊಂಡಿದ್ದವರು, ಓದಿದ್ದನ್ನು ಪುಸ್ತಕ ನೋಡದೆ ಬರೆದು ನೋಡಿದ್ದವರು. ಮರುಮಾತು ಬರೆಯುವವರೂ ಇಂಥದೇ ಪರೀಕ್ಷೆಯನ್ನು ತಾವಾಗಿ ಎದುರಿಸುತ್ತಾರೆ.

ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಪಾಠ ಕೋಡ್ ರಿವ್ಯೂ ಹೆಸರಿನಲ್ಲಿ ದಿನನಿತ್ಯದ ರೂಢಿಯಾಗಿದೆ. ಅಂಕಗಳ ಸರಾಸರಿ ತೆಗೆಯುವ ಹತ್ತು ಸಾಲಿನ ಕೋಡ್ ಪರಿಶೀಲನೆಗೆ ಬಂತೆನ್ನಿ. ‘ಚೆನ್ನಾಗಿದೆ’ ಎಂದು ಬರೆದು ಮುಗಿಸಿದರೆ ಇಬ್ಬರಿಗೂ ಲಾಭವಿಲ್ಲ. ‘ಪಟ್ಟಿಯಲ್ಲಿ ಒಂದೂ ಅಂಕ ಇಲ್ಲದಿದ್ದರೆ ಇಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುವುದಿಲ್ಲವೇ?’ ಎಂದು ಕೇಳಬೇಕಾದರೆ ಆ ಸಾಲುಗಳನ್ನು ಮನಸ್ಸಿನಲ್ಲೇ ಓಡಿಸಿ ನೋಡಿರಬೇಕು. ನಿನ್ನೆ ಸೇರಿದ ಹುಡುಗಿಯೂ ಈ ಪ್ರಶ್ನೆಯನ್ನು ಹತ್ತು ವರ್ಷದ ಅನುಭವಸ್ಥರಿಗೆ ಕೇಳಬಹುದು. ಉತ್ತರ ಬರೆಯುತ್ತಾ ಅವರು ತಮ್ಮ ಅನುಭವದ ಸಾರವನ್ನೇ ಕೊಡುತ್ತಾರೆ.

ಎಚ್ಚರವೂ ಬೇಕು. ರಕ್ಷಣಾ ಪ್ರಯೋಗಾಲಯದಲ್ಲಿರುವವರು, ಗ್ರಾಹಕರ ಗುಟ್ಟು ಕಾಯಬೇಕಾದ ಕಂಪನಿಯವರು, ರೋಗಿಗಳ ವಿವರ ತಿಳಿದ ದಾದಿಯರು ಕಚೇರಿಯೊಳಗಿನ ವಿಷಯವನ್ನು ಹೊರಗೆ ಬರೆಯುವಂತಿಲ್ಲ. ಆದರೆ ಪ್ರಕಟವಾದ ಲೇಖನದ ತರ್ಕ, ವಿಧಾನ, ಲೆಕ್ಕಗಳ ಬಗ್ಗೆ ಕೇಳಲು ಯಾವ ಗುಟ್ಟನ್ನೂ ಬಿಟ್ಟುಕೊಡಬೇಕಾಗಿಲ್ಲ. ನಮ್ಮ ಮಾತು ತಪ್ಪಾಗಲೂಬಹುದು. ಹರಳುಗಳ ಕಂಪನದ ಬಗ್ಗೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರೊಡನೆ ರಾಮನ್ ವರ್ಷಗಟ್ಟಲೆ ವಾದಿಸಿದರು. ಕೊನೆಗೆ ವಿಜ್ಞಾನ ಲೋಕ ಒಪ್ಪಿದ್ದು ಬಾರ್ನ್ ಅವರ ಸಿದ್ಧಾಂತವನ್ನು. ತಪ್ಪು ಬಯಲಿಗೆ ಬಂದರೆ ತಿದ್ದುವವರು ಸಿಗುತ್ತಾರೆ, ಮನಸ್ಸಿನಲ್ಲೇ ಉಳಿದರೆ ಅದನ್ನು ತಿದ್ದುವವರಿಲ್ಲ.

ಇಂಥ ಮಾತುಕತೆಗೆ ವೇದಿಕೆ ಬೇಕೆಂದೇ 1932ರಲ್ಲಿ ಬೆಂಗಳೂರಿನಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಹುಟ್ಟಿತು. ಅದರಲ್ಲಿ ಓದುಗರ ಪತ್ರಗಳಿಗೂ ಜಾಗವಿದೆ. ಲೆಕ್ಕಪರಿಶೋಧಕರಿಗೆ, ಶಿಕ್ಷಕರಿಗೆ, ವೈದ್ಯರಿಗೆ ಅವರವರ ವೃತ್ತಿಪತ್ರಿಕೆಗಳಿವೆ, ಉಪನ್ಯಾಸಗಳಿವೆ. ಉಪನ್ಯಾಸ ಮುಗಿದಾಗ ‘ತುಂಬಾ ಚೆನ್ನಾಗಿತ್ತು ಸರ್’ ಎನ್ನುವ ಬದಲು ಒಂದು ಪ್ರಶ್ನೆ ಕೇಳಿ. ವಾರಕ್ಕೊಂದು ಲೇಖನ ಆರಿಸಿಕೊಳ್ಳಿ. ಅದರ ಮುಖ್ಯ ವಾದವನ್ನು ಎರಡು ವಾಕ್ಯದಲ್ಲಿ ಬರೆಯಿರಿ, ನೀವೇ ಮಾಡಿ ನೋಡಿದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಒಂದೇ ಪ್ರಶ್ನೆ ಕೇಳಿ, ಹೆಸರು ಹಾಕಿ ಕಳಿಸಿ. ಉತ್ತರ ಬಾರದಿದ್ದರೂ ಆ ನಾಲ್ಕು ವಾಕ್ಯಗಳಿಗಾಗಿ ನೀವು ಪಟ್ಟ ಶ್ರಮ ನಿಮ್ಮದಾಗಿಯೇ ಉಳಿಯುತ್ತದೆ. ಉತ್ತರ ಬಂದರೆ, ದುಡ್ಡು ಕೊಟ್ಟರೂ ಸಿಗದ ಗುರುವೊಬ್ಬರು ಸಿಕ್ಕಂತೆ.